ಎರಡನೇ ಡಿಸ್ಕ್ ಇತ್ತು, ಎರಡನೇ ಕಾಪಿ ಇರಲಿಲ್ಲ

ಮೊನ್ನೆ ಆಫೀಸ್ ಕ್ಯಾಬ್‌ನಲ್ಲಿ ಪಕ್ಕದಲ್ಲಿ ಕೂತಿದ್ದ ಹುಡುಗಿಯ ಫೋನಿಗೆ ‘ಸ್ಟೋರೇಜ್ ಫುಲ್’ ಅಂತ ಸಂದೇಶ ಬಂತು. ಅವಳು ಎರಡು ವರ್ಷದ ಫೋಟೊಗಳನ್ನೆಲ್ಲ ಒಂದೇ ಸಲಕ್ಕೆ ಆರಿಸಿ, ಫೋನಿಗೆ ಚುಚ್ಚಿದ್ದ ಪೆನ್‌ಡ್ರೈವ್‌ಗೆ ‘ಮೂವ್’ ಒತ್ತಿದಳು. ಹತ್ತು ನಿಮಿಷದ ಮೇಲೆ, “ಅಬ್ಬ, ಬ್ಯಾಕಪ್ ಆಯ್ತು” ಅಂದಳು.

“ಬ್ಯಾಕಪ್ ಆಗಿಲ್ಲ ಕಣೆ, ಜಾಗ ಬದಲಾಯ್ತು ಅಷ್ಟೆ” ಅಂದೆ.

ಅವಳು ನಕ್ಕು ಸುಮ್ಮನಾದಳು. ನನಗೆ ನಗು ಬರಲಿಲ್ಲ. ಯಾಕೆ ಅಂತ ಹೇಳಬೇಕಾದರೆ ನಮ್ಮ ಅಪ್ಪನ ಕಂಪ್ಯೂಟರಿನ ಕತೆ ಹೇಳಬೇಕು.

ಸಾಗರದಲ್ಲಿ ಅಪ್ಪನದ್ದೊಂದು ಸಣ್ಣ ಡಿಟಿಪಿ ಸೆಂಟರ್ ಇತ್ತು. ಮದುವೆ ಕಾಗದ, ಶಾಲೆಯ ಪ್ರಶ್ನೆಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಇಂಥವೇ ಕೆಲಸ. ಬೆಂಗಳೂರಿನ ಜಾಹೀರಾತು ಕಚೇರಿಯೊಂದು ಮಾರಿದ್ದ ಹಳೆಯ ವರ್ಕ್‌ಸ್ಟೇಷನ್ ಒಂದನ್ನು ಅಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದಿದ್ದರು. ಮಾಮೂಲಿ ಪಿಸಿಗಿಂತ ಎರಡು ಪಟ್ಟು ಭಾರ, ಆನ್ ಮಾಡಿದರೆ ಹಿಟ್ಟಿನ ಗಿರಣಿ ಶುರುವಾದ ಹಾಗೆ ಸದ್ದು. ಒಳಗೆ ವಿಂಡೋಸ್ ಎನ್‌ಟಿ 4, ಪೇಜ್‌ಮೇಕರ್ ಮತ್ತು 4.3 ಜಿಬಿಯ ಒಂದು ಸ್ಕಜಿ ಹಾರ್ಡ್ ಡಿಸ್ಕ್.

ಇಂಗ್ಲಿಷ್‌ನಲ್ಲಿ ಎಸ್‌ಸಿಎಸ್‌ಐ ಅಂತ ಬರೆದು ‘ಸ್ಕಜಿ’ ಅಂತ ಓದ್ತಾರೆ. ಪೂರ್ತಿ ಹೆಸರು ಸ್ಮಾಲ್ ಕಂಪ್ಯೂಟರ್ ಸಿಸ್ಟಮ್ ಇಂಟರ್‌ಫೇಸ್. ಅಮೆರಿಕದ ಶುಗಾರ್ಟ್ ಅಸೋಸಿಯೇಟ್ಸ್ ಕಂಪನಿ ಮಾಡಿದ್ದ ಒಂದು ಜೋಡಣೆ ಪದ್ಧತಿಯಿಂದ ಇದು ಬೆಳೆದದ್ದು. 1986ರಲ್ಲಿ ಅಧಿಕೃತ ಸ್ಟ್ಯಾಂಡರ್ಡ್ ಆಯಿತು. ಮನೆ ಪಿಸಿಗಳಲ್ಲಿ ಆಗ ಇದ್ದ ಐಡಿಇ ಕೇಬಲ್‌ಗೆ ಎರಡೇ ಡ್ರೈವ್ ಹಾಕಬಹುದಿತ್ತು. ಸ್ಕಜಿಯಲ್ಲಿ ಒಂದೇ ಕೇಬಲ್‌ಗೆ ಏಳು ಸಾಧನ. ಡಿಸ್ಕ್, ಸ್ಕ್ಯಾನರ್, ಟೇಪ್ ಡ್ರೈವ್, ಎಲ್ಲವೂ ಒಂದೇ ಸಾಲಿನಲ್ಲಿ. ದುಬಾರಿ, ಆದರೆ ದೊಡ್ಡ ದೊಡ್ಡ ಫೋಟೊ ತೆರೆಯುವವರಿಗೆ, ಸರ್ವರ್ ನಡೆಸುವವರಿಗೆ ಅದೇ ಬೇಕಾಗಿತ್ತು.

2002ರ ಏಪ್ರಿಲ್. ನನ್ನ ಪಿಯುಸಿ ಪರೀಕ್ಷೆ ಮುಗಿದಿತ್ತು. ಅಪ್ಪನ ಡಿಸ್ಕ್ ತುಂಬಿಹೋಗಿತ್ತು. ದಿನಾ ಯಾವುದನ್ನು ಅಳಿಸೋದು ಅನ್ನೋದೇ ಚಿಂತೆ. ಕೊನೆಗೆ ಅಪ್ಪ ಬೆಂಗಳೂರಿಗೆ ಹೋದವರು ಎಸ್‌ಪಿ ರೋಡ್‌ನಿಂದ 9.1 ಜಿಬಿಯ ಹಳೆಯ ಸ್ಕಜಿ ಡಿಸ್ಕ್ ತಂದರು. ರಾತ್ರಿ ಬಸ್ಸಿನಲ್ಲಿ ಟವೆಲ್ ಸುತ್ತಿ ತೊಡೆಯ ಮೇಲೆ ಇಟ್ಕೊಂಡು ಬಂದಿದ್ದರು. “ಪುಟ್ಟೀ, ಇನ್ನು ಹತ್ತು ವರ್ಷ ಜಾಗದ ಯೋಚನೆ ಇಲ್ಲ” ಅಂದರು.

ಒಂದೇ ಬೀದಿ, ಒಂದೇ ಮನೆ ನಂಬರ್

ಸುಲಭದ ಕೆಲಸ ಅಂದುಕೊಂಡಿದ್ದೆವು. ಕರೆಂಟ್ ತೆಗೆದು, ಪೆಟ್ಟಿಗೆ ಬಿಚ್ಚಿ, ಅಗಲವಾದ ಬೂದು ಪಟ್ಟಿ ಕೇಬಲ್‌ನ ನಡುವೆ ಖಾಲಿ ಇದ್ದ ಕನೆಕ್ಟರ್‌ಗೆ ಹೊಸ ಡಿಸ್ಕ್ ಸಿಕ್ಕಿಸಿ, ಪವರ್ ವೈರ್ ಕೊಟ್ಟೆವು. ಆನ್ ಮಾಡಿದರೆ ಅಡಾಪ್ಟೆಕ್ ಕಾರ್ಡಿನ ಹೆಸರು ಬಂತು, ಸಾಧನಗಳನ್ನು ಹುಡುಕುತ್ತ ಅಲ್ಲೇ ನಿಂತಿತು. ಹೊಸದಿರಲಿ, ಇದ್ದ ಹಳೆಯ ಡಿಸ್ಕೂ ಕಾಣಲಿಲ್ಲ. ಮಾರನೇ ದಿನ ಎರಡು ಮದುವೆ ಕಾಗದ ಕೊಡಬೇಕಿತ್ತು. ಅಪ್ಪನ ಮುಖ ನೋಡೋ ಹಾಗಿರಲಿಲ್ಲ.

ಕಂಪ್ಯೂಟರ್ ಮಾರಿದವರಿಗೆ ಫೋನ್ ಮಾಡಿದೆವು. ಎಸ್‌ಟಿಡಿ ಮೀಟರ್ ಓಡ್ತಾ ಇರುವಾಗ ಅವರು ಹೇಳಿದ್ದು ಇಷ್ಟು: “ಸ್ಕಜಿ ಕೇಬಲ್ ಅಂದ್ರೆ ಒಂದು ಬೀದಿ. ಸೊನ್ನೆಯಿಂದ ಏಳರವರೆಗೆ ಮನೆ ನಂಬರ್. ಏಳು ಕಾರ್ಡಿನದ್ದು. ನಿಮ್ಮ ಹಳೆ ಡಿಸ್ಕ್ ಸೊನ್ನೆಯಲ್ಲಿದೆ. ಹೊಸದೂ ಸೊನ್ನೆಯಲ್ಲೇ ಇರಬೇಕು. ಒಂದೇ ನಂಬರಿನ ಎರಡು ಮನೆ ಇದ್ರೆ ಪೋಸ್ಟ್‌ಮ್ಯಾನ್ ಏನು ಮಾಡ್ತಾನೆ?”

ಹೌದು. ಡಿಸ್ಕಿನ ಅಂಚಿನಲ್ಲಿ ಜೋಡಿ ಜೋಡಿ ಸೂಜಿಮೊನೆ ಪಿನ್ನುಗಳು. ಅವುಗಳಲ್ಲಿ ಮೂರು ಜೋಡಿಗೆ 1, 2, 4 ಅಂತ ಬೆಲೆ. ಯಾವ ಜೋಡಿಗೆ ಜಂಪರ್ ಹಾಕ್ತೀರೋ ಅವನ್ನು ಕೂಡಿಸಿದರೆ ಬರೋದೇ ಡಿಸ್ಕಿನ ನಂಬರ್. ಒಂದಕ್ಕೂ ಹಾಕದಿದ್ದರೆ ಸೊನ್ನೆ. ನಮ್ಮ ಎರಡೂ ಡಿಸ್ಕ್ ಬರಿಮೈಯಲ್ಲಿದ್ದವು. ಅಪ್ಪ ಕೆಟ್ಟುಹೋದ ಮದರ್‌ಬೋರ್ಡಿನಿಂದ ಕಡಲೆಕಾಳಿಗಿಂತ ಸಣ್ಣ ಜಂಪರ್ ಒಂದನ್ನು ಕಿತ್ತು, ಹೊಸ ಡಿಸ್ಕಿನ ಮೊದಲ ಜೋಡಿಗೆ ಹಾಕಿದರು. ಈಗ ಅದು ಒಂದನೇ ನಂಬರ್ ಮನೆ.

ಮತ್ತೆ ಆನ್ ಮಾಡಿದೆವು. ಪರದೆಯ ಮೇಲೆ ಎರಡು ಸಾಲು ಬಂತು, ಎರಡು ಡಿಸ್ಕ್! ಎನ್‌ಟಿಯ ಡಿಸ್ಕ್ ಅಡ್ಮಿನಿಸ್ಟ್ರೇಟರ್‌ನಲ್ಲಿ ಪಾರ್ಟಿಷನ್ ಮಾಡಿ, ಫಾರ್ಮ್ಯಾಟ್ ಕೊಟ್ಟೆವು. ‘ಇ’ ಅನ್ನೋ ಹೊಸ ಡ್ರೈವ್ ಹುಟ್ಟಿತು. ಅಮ್ಮ ಬಂದು ಕೇಸರಿಬಾತ್ ಕೊಟ್ಟು ಹೋದರು.

ಬಾವಿಗೆ ಕೂಗಿದ ಹಾಗೆ

ಕತೆ ಅಲ್ಲಿಗೆ ಮುಗಿಯಲಿಲ್ಲ. ಸಣ್ಣ ಫೈಲ್ ಚೆನ್ನಾಗಿ ಹೋಗ್ತಿತ್ತು. ದೊಡ್ಡ ಫೋಟೊ ಸ್ಕ್ಯಾನ್‌ಗಳನ್ನು ಹಾಕಿದರೆ ನಡುವೆ ನಿಂತುಬಿಡ್ತಿತ್ತು. ಒಮ್ಮೆ ಸರಿ, ಒಮ್ಮೆ ತಪ್ಪು. ಮತ್ತೆ ಫೋನ್. ಈ ಸಲ ಕೇಳಿದ್ದು ‘ಟರ್ಮಿನೇಟರ್’ ಅನ್ನೋ ಹೆಸರು. ನಮಗೆ ಗೊತ್ತಿದ್ದದ್ದು ಅದೇ ಹೆಸರಿನ ಸಿನಿಮಾ ಮಾತ್ರ.

ಖಾಲಿ ಬಾವಿಗೆ ಬಾಯಿ ಕೊಟ್ಟು ಕೂಗಿದರೆ ಸದ್ದು ತಳಕ್ಕೆ ಬಡಿದು ವಾಪಸ್ ಬರುತ್ತಲ್ಲ, ಕೇಬಲ್‌ನಲ್ಲೂ ಹಾಗೇ. ವಿದ್ಯುತ್ ಸಂಕೇತ ತುದಿ ಮುಟ್ಟಿದ ಮೇಲೆ ಹಿಂದಕ್ಕೆ ಪ್ರತಿಧ್ವನಿಸುತ್ತೆ, ಬರುತ್ತಿರುವ ಹೊಸ ಸಂಕೇತದ ಜೊತೆ ಕಲಸಿಕೊಳ್ಳುತ್ತೆ. ಅದನ್ನು ತುದಿಯಲ್ಲೇ ಹೀರಿಕೊಳ್ಳೋಕೆ ಇರೋದು ಟರ್ಮಿನೇಟರ್. ಸಾಲಿನ ಎರಡು ತುದಿಗೆ ಎರಡೇ ಇರಬೇಕು. ಹೆಚ್ಚೂ ಬೇಡ, ಕಡಿಮೆಯೂ ಬೇಡ. ನಮ್ಮಲ್ಲಿ ಒಂದು ತುದಿಗೆ ಕಾರ್ಡ್, ಇನ್ನೊಂದು ತುದಿಗೆ ಹಳೆಯ ಡಿಸ್ಕ್, ಎರಡರಲ್ಲೂ ಟರ್ಮಿನೇಟರ್ ಇತ್ತು. ನಡುವೆ ಕೂತ ಹೊಸ ಡಿಸ್ಕಿನಲ್ಲೂ ಅದರ ಜಂಪರ್ ಹಾಗೇ ಉಳಿದಿತ್ತು. ಒಟ್ಟು ಮೂರಾಯಿತು. ಮೂರನೆಯದು ಸಂಕೇತವನ್ನು ಕುಗ್ಗಿಸ್ತಿತ್ತು. ಪೂರ್ತಿ ಕೆಟ್ಟಿದ್ದರೆ ಬೇಗ ಗೊತ್ತಾಗುತ್ತಿತ್ತು, ಅರ್ಧ ಕೆಟ್ಟದ್ದೇ ನಮ್ಮನ್ನು ಮೂರು ದಿನ ಆಡಿಸಿತು. ಆ ಜಂಪರ್ ಕಿತ್ತ ಮೇಲೆ ಡಿಸ್ಕ್ ಒಮ್ಮೆಯೂ ತೊದಲಲಿಲ್ಲ.

ಇಷ್ಟು ಕಷ್ಟಪಟ್ಟು ಕೆಲಸ ಸರಿ ಮಾಡಿದವರು, ಅದರ ಮರುದಿನವೇ ನಿಜವಾದ ತಪ್ಪು ಮಾಡಿದೆವು.

ಕಟ್, ಪೇಸ್ಟ್

ಹಳೆಯ ಡಿಸ್ಕಿನಲ್ಲಿದ್ದ ಮುಗಿದ ಕೆಲಸಗಳನ್ನೆಲ್ಲ ‘ಇ’ ಡ್ರೈವ್‌ಗೆ ಹಾಕು ಅಂದರು ಅಪ್ಪ. ನಾನು ಎಲ್ಲ ಫೋಲ್ಡರ್ ಆರಿಸಿ ಕಟ್ ಮಾಡಿ, ಪೇಸ್ಟ್ ಮಾಡಿದೆ. ಕಾಪಿ ಅಲ್ಲ, ಕಟ್. ಹಳೆಯ ಡಿಸ್ಕ್ ಅಂಗಳ ಗುಡಿಸಿದ ಹಾಗೆ ಖಾಲಿಯಾಯಿತು. ಅಪ್ಪನಿಗೂ ಖುಷಿ, ನನಗೂ ಖುಷಿ.

ಆ ಫೋಲ್ಡರ್‌ಗಳಲ್ಲಿ ಒಂದು ಮೇಷ್ಟ್ರದ್ದು. ನಮ್ಮೂರಿನ ನಿವೃತ್ತ ಶಾಲಾ ಮೇಷ್ಟ್ರು ಮೂವತ್ತು ವರ್ಷ ತೋಟ, ಗದ್ದೆ, ಬೆಟ್ಟ, ಬೇಣ ಸುತ್ತಿ ಕೃಷಿಯ ಮಾತುಗಳನ್ನು ಕೂಡಿಹಾಕಿದ್ದರು. ಕೊನೆಗಾರ, ಕೊಟ್ಟೆ ಕಟ್ಟೋದು, ಚೊಗರು, ದರಕು, ಇಂಥ ಒಂದೊಂದು ಪದಕ್ಕೂ ಅರ್ಥ, ಯಾರ ಬಾಯಲ್ಲಿ ಕೇಳಿದ್ದು ಅನ್ನೋ ವಿವರ. ಅಪ್ಪ ಅದನ್ನು ಒಂದು ರೂಪಾಯಿಯನ್ನೂ ತಗೊಳ್ಳದೆ ಟೈಪ್ ಮಾಡಿಕೊಟ್ಟಿದ್ದರು. ಅಚ್ಚು ಹಾಕಿಸೋಕೆ ಹಣ ಸೇರಿಲ್ಲ ಅಂತ ಕೆಲಸ ನಿಂತಿತ್ತು. ಕೈಬರಹದ ನೋಟ್‌ಬುಕ್‌ಗಳು ಅಂಗಡಿಯ ಅಟ್ಟದಲ್ಲಿದ್ದವು. ಒಂದು ಮಳೆಗಾಲ ಹೆಂಚು ಸೋರಿ, ಆಮೇಲೆ ಗೆದ್ದಲು ಹಿಡಿದು, ಮುಟ್ಟಿದರೆ ಪುಡಿಯಾಗೋ ಹಾಗಾಗಿತ್ತು. “ಹೇಗೂ ಕಂಪ್ಯೂಟರಿನಲ್ಲಿದೆಯಲ್ಲ” ಅಂತ ಅಪ್ಪ ಎಸೆದಿದ್ದರು.

2003ರ ಜುಲೈ. ಮಲೆನಾಡಿನ ಮಳೆ, ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರ್ತಿತ್ತು. ಒಂದು ಬೆಳಗ್ಗೆ ಆನ್ ಮಾಡಿದರೆ ಗಿರಣಿ ಸದ್ದಿನ ಜೊತೆ ಟಕ್, ಟಕ್, ಟಕ್. ಕಾರ್ಡಿನ ಪಟ್ಟಿಯಲ್ಲಿ ಒಂದೇ ಸಾಲು. ಒಂದನೇ ನಂಬರ್ ಮನೆ ಖಾಲಿ.

ಜಂಪರ್ ನೋಡಿದೆವು, ಕೇಬಲ್ ಬದಲಿಸಿದೆವು, ಟರ್ಮಿನೇಟರ್ ನೋಡಿದೆವು. ನಾವು ಕಲಿತ ವಿದ್ಯೆಯಲ್ಲಿ ಏನೂ ತಪ್ಪಿರಲಿಲ್ಲ. ಡಿಸ್ಕೇ ಹೋಗಿತ್ತು. ಬೇರೆಲ್ಲೋ ವರ್ಷಗಟ್ಟಲೆ ತಿರುಗಿ ಸವೆದಿದ್ದ ಡಿಸ್ಕ್, ಹಳೆಯದರ ಕೆಳಗೇ ಗಾಳಿಯಾಡದ ಹಾಗೆ ಕೂರಿಸಿದ್ದೆವು. ಅದರ ಕಾವಿಗೆ ಕೈ ಇಡೋಕಾಗ್ತಿರಲಿಲ್ಲ. ಬೆಂಗಳೂರಿನಲ್ಲಿ ಡೇಟಾ ತೆಗೆದುಕೊಡೋ ಒಂದು ಕಡೆ ವಿಚಾರಿಸಿದರೆ ಹೇಳಿದ ಹಣದಲ್ಲಿ ಇನ್ನೊಂದು ಕಂಪ್ಯೂಟರ್ ಬರ್ತಿತ್ತು.

ಆಗ ಅರ್ಥವಾಯಿತು. ನಮ್ಮ ಹತ್ತಿರ ಎರಡು ಡಿಸ್ಕ್ ಇತ್ತು. ಆದರೆ ಮೇಷ್ಟ್ರ ಪುಸ್ತಕ ಒಂದೇ ಇತ್ತು. ಹಳೆಯ ಡಿಸ್ಕಿನಲ್ಲಿ ಜಾಗ ಖಾಲಿ ಬಿದ್ದಿತ್ತು, ಅಲ್ಲಿ ಇನ್ನೊಂದು ಪ್ರತಿ ಆರಾಮಾಗಿ ಕೂರುತ್ತಿತ್ತು.

ತಗಡಿನ ಪೆಟ್ಟಿಗೆ

ಹೇಳದೆ ಇರೋಕಾಗಲ್ಲ. ಅಪ್ಪ ನನ್ನನ್ನೂ ಕರ್ಕೊಂಡು ಮೇಷ್ಟ್ರ ಮನೆಗೆ ಹೋದರು. ಜಗಲಿಯಲ್ಲಿ ಕೂತು, “ಮೇಷ್ಟ್ರೇ, ನನ್ನಿಂದ ತಪ್ಪಾಗಿದೆ” ಅಂದರು. ಕಟ್ ಮಾಡಿದ ಕೈ ನನ್ನದು. ಅಪ್ಪ ಅದನ್ನು ಹೇಳಲಿಲ್ಲ. ನಾನೇ ಹೇಳಿದೆ.

ಮೇಷ್ಟ್ರು ಸ್ವಲ್ಪ ಹೊತ್ತು ಮಳೆ ನೋಡ್ತಾ ಕೂತರು. ಆಮೇಲೆ ಒಳಗೆ ಹೋಗಿ ತಗಡಿನ ಪೆಟ್ಟಿಗೆ ತಂದರು. ನುಸಿಗುಳಿಗೆಯ ವಾಸನೆ. ಅದರಲ್ಲಿ ಅಪ್ಪ ಹಿಂದೆ ತಿದ್ದೋಕೆ ಕೊಟ್ಟಿದ್ದ ಪ್ರೂಫ್ ಹಾಳೆಗಳು, ಪ್ರತಿ ಸಾಲಿನ ಪಕ್ಕ ಕೆಂಪು ಶಾಯಿಯ ತಿದ್ದುಪಡಿ. “ಶಾಲೆ ಮೇಷ್ಟ್ರು ಕೂಸೇ, ಉತ್ತರಪತ್ರಿಕೆ ಎಸೆದು ಅಭ್ಯಾಸ ಇಲ್ಲ” ಅಂದರು.

ಆ ವರ್ಷ ಕಾಲೇಜಿನಿಂದ ಬಂದ ರಜೆಯಲ್ಲೆಲ್ಲ ನಾನು ಅದನ್ನು ಮತ್ತೆ ಟೈಪ್ ಮಾಡಿದೆ. ಆದರೆ ಪ್ರೂಫ್ ಪೂರ್ತಿ ಇರಲಿಲ್ಲ. ‘ಸ’ದಿಂದ ಮುಂದಿನ ಪುಟಗಳು ಮುದ್ರಣಕ್ಕೇ ಹೋಗಿರಲಿಲ್ಲ. ಮೇಷ್ಟ್ರು ನೆನಪಿನಿಂದ ಹೇಳ್ತಾ ಹೋದರು. ಸೊಪ್ಪಿನ ಬೆಟ್ಟ ಬಂತು, ಹಾಳೆ ಬಂತು, ಹಾಳೆಟೊಪ್ಪಿ ಬಂತು. ನಡುನಡುವೆ ಕಣ್ಣು ಮುಚ್ಚಿ, “ಇಲ್ಲಿ ಇನ್ನೊಂದಿತ್ತು ಕೂಸೇ” ಅಂತ ನಿಲ್ಲಿಸ್ತಿದ್ದರು. ಕೆಲವು ಸಲ ಮರುದಿನ ನೆನಪಾಗ್ತಿತ್ತು, ಕೆಲವು ಸಲ ಇಲ್ಲ. ಯಾವ ಪದ ಹೋಯಿತು ಅಂತ ಹೇಳೋಕೂ ಒಂದು ಪಟ್ಟಿ ಬೇಕಲ್ಲ. ಆ ಪಟ್ಟಿಯೇ ಹೋಗಿತ್ತು.

ಪುಸ್ತಕ 2005ರಲ್ಲಿ ಅಚ್ಚಾಯಿತು. ಮೇಷ್ಟ್ರು ಈಗಿಲ್ಲ. ನನ್ನ ಪ್ರತಿಯಲ್ಲಿ ‘ಸ’ ಮತ್ತು ‘ಹ’ದ ಪುಟಗಳು ಉಳಿದ ಅಕ್ಷರಗಳಿಗಿಂತ ತೆಳ್ಳಗಿವೆ. ಬೇರೆ ಯಾರಿಗೂ ಅದು ಕಾಣಲ್ಲ.

ನಿಮ್ಮ ಜೇಬಿನಲ್ಲೂ ಸ್ಕಜಿ

ಹಳೇ ಕಾಲದ ಮಾತು ಅಂದುಕೊಂಡಿರಾ? ಆ ಪಟ್ಟಿ ಕೇಬಲ್ ಹೋಯಿತು, ಸ್ಕಜಿ ಭಾಷೆ ಹೋಗಿಲ್ಲ. ಇವತ್ತಿನ ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿರೋ ಯುಎಫ್‌ಎಸ್ ಸ್ಟೋರೇಜ್ ಆಡೋದು ಸ್ಕಜಿ ಆದೇಶಗಳನ್ನೇ. ಪೆನ್‌ಡ್ರೈವ್ ಕೂಡ ಹಾಗೇ. ನಿಮ್ಮಲ್ಲಿ ಲಿನಕ್ಸ್ ಬಳಸುವವರು ಡಿಸ್ಕಿಗೆ ‘ಎಸ್‌ಡಿಎ’ ಅನ್ನೋ ಹೆಸರು ನೋಡಿರ್ತೀರಿ. ಅದರ ‘ಎಸ್‌ಡಿ’ ಬಂದದ್ದು ಸ್ಕಜಿ ಡಿಸ್ಕ್‌ನಿಂದ. ಈಗ ನಂಬರ್ ಕೊಡೋದು, ತುದಿ ಮುಚ್ಚೋದು ಎಲ್ಲ ತಾನೇ ಆಗುತ್ತೆ. ತಾನಾಗೇ ಆಗದೆ ಉಳಿದಿರೋದು ಒಂದೇ, ಎರಡನೇ ಪ್ರತಿ ಮಾಡೋದು.

ಅದಕ್ಕೆ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯ ಮಾಡಿದ 3-2-1 ಅನ್ನೋ ಸೂತ್ರ ಇದೆ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ. ನಮ್ಮ ಲೆಕ್ಕಕ್ಕೆ ಹೇಳೋದಾದರೆ, ಫೋನಿನಲ್ಲೊಂದು, ಹೊರಗಿನ ಡಿಸ್ಕಿನಲ್ಲೊಂದು, ಕ್ಲೌಡ್‌ನಲ್ಲೊಂದು. ಕ್ಲೌಡ್ ಒಂದನ್ನೇ ನಂಬಬೇಡಿ. ಫೋನ್ ಜೊತೆ ಸಿಂಕ್ ಆಗಿರೋ ಕಡೆ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸಿಹೋಗುತ್ತೆ. ಮತ್ತೆ, ಹೊರಗಿನ ಡಿಸ್ಕಿಗೆ ಹಾಕುವಾಗ ‘ಕಾಪಿ’ ಒತ್ತಿ. ಅಲ್ಲಿ ನಾಲ್ಕು ಫೈಲ್ ತೆರೆದು ನೋಡಿ. ಫೋನಿನಲ್ಲಿ ಜಾಗ ಬೇಕೇ ಬೇಕು ಅಂದರೆ, ಬೇರೆ ಎರಡು ಕಡೆ ಇದೆ ಅಂತ ಕಣ್ಣಾರೆ ಕಂಡ ಮೇಲೆ ಅಳಿಸಿ.

ಮೊನ್ನೆಯ ಹುಡುಗಿಗೆ ಈ ಕತೆಯನ್ನು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹೇಳಿ ಮುಗಿಸಿದೆ. ಅಷ್ಟು ಹೊತ್ತು ಅಲ್ಲಿ ಸಿಕ್ಕೇ ಸಿಗುತ್ತೆ ಬಿಡಿ. ಅವಳು ಏನೂ ಹೇಳಲಿಲ್ಲ. ಪೆನ್‌ಡ್ರೈವ್ ಬ್ಯಾಗಿನ ಒಳಜೇಬಿಗೆ ಹಾಕಿಕೊಂಡು ಜಿಪ್ ಎಳೆದಳು. ಸಂಜೆ ಮೆಸೇಜ್ ಬಂತು: “ಅಕ್ಕಾ, ಲ್ಯಾಪ್‌ಟಾಪ್‌ಗೂ ಕಾಪಿ ಮಾಡಿದೆ. ಅದರಲ್ಲಿ ಅಜ್ಜಿಯ ಕೊನೆಯ ವಿಡಿಯೊ ಇತ್ತು.”

ಈ ಭಾನುವಾರ ನೀವೂ ಒಂದು ಗಂಟೆ ತೆಗೆದಿಡಿ. ನಿಮ್ಮ ಫೋನಿನಲ್ಲಿ ಒಂದೇ ಒಂದು ಪ್ರತಿ ಇರೋದು ಏನು ಅಂತ ಮೊದಲು ಹುಡುಕಿ. ಉಳಿದದ್ದು ಸುಲಭ. ಜಂಪರ್ ಅಂತೂ ಹುಡುಕಬೇಕಾಗಿಲ್ಲ.