ಉಸಿರು ಕಾಯುವುದಿಲ್ಲ

ಜ್ವರವನ್ನು ನಾವು ಗಂಭೀರ ಕಾಯಿಲೆಯೆಂದು ಪರಿಗಣಿಸುವುದು ಕಡಿಮೆ. ಕಷಾಯ, ಮಾತ್ರೆ, ಎರಡು ದಿನದ ವಿಶ್ರಾಂತಿ ಸಾಕು ಎಂಬುದು ನಮ್ಮ ನಂಬಿಕೆ. ಬಹುತೇಕ ಸಂದರ್ಭಗಳಲ್ಲಿ ಅದು ನಿಜವೂ ಹೌದು. ಆದರೆ ಜ್ವರದ ಜೊತೆ ಉಸಿರಾಟದ ತೊಂದರೆಯೂ ಸೇರಿದರೆ ಪರಿಸ್ಥಿತಿಯೇ ಬೇರೆ. ನ್ಯುಮೋನಿಯಾ ಶ್ವಾಸಕೋಶವನ್ನು ಆವರಿಸಿದಾಗ ರಕ್ತಕ್ಕೆ ಆಮ್ಲಜನಕ ಸಾಲದಾಗುತ್ತದೆ. ಆಗ ಕಳೆಯುವ ಪ್ರತಿ ಗಂಟೆಯೂ ರೋಗಿಯ ಆಯುಷ್ಯದಿಂದಲೇ ಕಳೆಯುತ್ತದೆ.

ಹಿರಿಯೂರು ತಾಲೂಕಿನ ಯಲ್ಲದಕೆರೆಯಂತಹ ಊರಿನಲ್ಲಿ ನಡುರಾತ್ರಿ ಓರ್ವ ವೃದ್ಧೆಗೆ ಹೀಗಾಯಿತೆಂದುಕೊಳ್ಳೋಣ. ಮೊದಲು ಹಿರಿಯೂರಿನ ತಾಲೂಕು ಆಸ್ಪತ್ರೆಗೆ ಬರಬೇಕು. ಅಲ್ಲಿ ಸಾಧ್ಯವಾಗದಿದ್ದರೆ ಸುಮಾರು 40 ಕಿಲೋಮೀಟರ್ ಆಚೆಯ ಚಿತ್ರದುರ್ಗಕ್ಕೆ. ಪಟ್ಟಣಗಳಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರ ಹೆತ್ತವರು ಇಂತಹ ಊರುಗಳಲ್ಲೇ ಇದ್ದಾರೆ. ದಾರಿಯ ದೂರವನ್ನು ನಾವು ಕಡಿಮೆ ಮಾಡಲಾರೆವು. ಆದರೆ ಹೊರಡುವ ಮೊದಲೇ ಮನೆಯಲ್ಲಿ ಆಗುವ ವಿಳಂಬಕ್ಕೆ ಹೊಣೆ ಯಾರು? ಮಗ ಬರಲಿ, ಬೆಳಗಾಗಲಿ, ತಾಯಿತ ಕಟ್ಟಿ ನೋಡೋಣ, ವೈದ್ಯೆಯೇ ಸಿಗಲಿ ಎಂಬ ಮಾತುಗಳು ಇನ್ನೂ ನಮ್ಮ ಮನೆಗಳಲ್ಲಿ ಕೇಳಿಬರುತ್ತಿವೆ. ಚಿಕಿತ್ಸೆ ಪಡೆಯಿರೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಜೀವ ಅಪಾಯದಲ್ಲಿದ್ದಾಗ ಪುರುಷ ವೈದ್ಯರಿಂದ ಮಹಿಳೆಗೆ ಚಿಕಿತ್ಸೆ ಕೊಡಿಸಲು ಧರ್ಮದ ಅಡ್ಡಿಯೂ ಇಲ್ಲ. ಅಡ್ಡಿಯಿರುವುದು ನಮ್ಮ ಅಜ್ಞಾನದಲ್ಲಿ.

ಗುರುತುಗಳು ಕಷ್ಟದವಲ್ಲ. ವಯಸ್ಕರು ನಿಮಿಷಕ್ಕೆ 30ಕ್ಕಿಂತ ಹೆಚ್ಚು, ಒಂದರಿಂದ ಐದು ವರ್ಷದ ಮಕ್ಕಳು 40 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ತುಟಿ ನೀಲಿಯಾದರೆ, ಮಗುವಿನ ಪಕ್ಕೆ ಒಳಸೇದಿದರೆ, ಮಾತು ತಡವರಿಸಿದರೆ ತಡಮಾಡಬಾರದು. 108ಕ್ಕೆ ಕರೆ ಮಾಡಬೇಕು. ರೋಗಿಯನ್ನು ಒರಗಿಸಿ ಕುಳ್ಳಿರಿಸಬೇಕು. ಮಂಪರಿನಲ್ಲಿರುವವರ ಬಾಯಿಗೆ ನೀರು ಹಾಕಬಾರದು. ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ ಈ ಆಂಬುಲೆನ್ಸ್ ಸೇವೆ ಉಚಿತವಾದುದು.

ಹಾಗೆಂದು ಸರಕಾರದ ಹೊಣೆಯನ್ನು ಮರೆಯಲಾದೀತೇ? 1992ರಲ್ಲಿ ರೈಲಿನಿಂದ ಬಿದ್ದು ಗಾಯಗೊಂಡ ಹಕೀಂ ಶೇಖ್‌ರಿಗೆ ಕಲ್ಕತ್ತಾದ ಸರಕಾರಿ ಆಸ್ಪತ್ರೆಗಳು ಒಂದರ ಹಿಂದೊಂದು ಬಾಗಿಲು ಮುಚ್ಚಿದವು. ತುರ್ತು ಚಿಕಿತ್ಸೆಯ ನಿರಾಕರಣೆಯು ಸಂವಿಧಾನದ 21ನೇ ವಿಧಿ ನೀಡುವ ಜೀವಿಸುವ ಹಕ್ಕಿನ ಉಲ್ಲಂಘನೆಯೆಂದು ಸುಪ್ರೀಂ ಕೋರ್ಟು 1996ರಲ್ಲಿ ಅದೇ ಪ್ರಕರಣದಲ್ಲಿ ತೀರ್ಪಿತ್ತಿತು. ಅದಾಗಿ 25 ವರ್ಷಗಳ ಬಳಿಕ, 2021ರ ಮೇ ತಿಂಗಳಲ್ಲಿ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ರೋಗಿಗಳು ಮೃತಪಟ್ಟರು. ಆಮ್ಲಜನಕದ ಕೊರತೆ ನಾಡಿನ ಮನಸ್ಸನ್ನು ಕಲಕಿತು. ಅವರು ಆಸ್ಪತ್ರೆ ತಲುಪಿದವರು. ಆಸ್ಪತ್ರೆಯೇ ಅವರಿಗೆ ಉಸಿರು ಕೊಡಲಿಲ್ಲ!

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿಯೂ ಆಮ್ಲಜನಕ ಮತ್ತು ಅದನ್ನು ನೀಡಬಲ್ಲ ಸಿಬ್ಬಂದಿ ಇರಬೇಕೆಂಬುದು ದೊಡ್ಡ ಬೇಡಿಕೆಯಲ್ಲ. ಚುನಾವಣೆಯಲ್ಲಿ ಮತ ಕೇಳಲು ಬರುವವರನ್ನು ಈ ಪ್ರಶ್ನೆ ಎದುರುಗೊಳ್ಳಬೇಕು.

ನಮ್ಮ ಮಸೀದಿಗಳೂ ಮುಂದೆ ಬರಲಿ. ಕೋವಿಡ್ ಕಾಲದಲ್ಲಿ ಜಾತಿ ಧರ್ಮ ನೋಡದೆ ಶವಗಳಿಗೆ ಹೆಗಲು ಕೊಟ್ಟ ಯುವಕರು ನಮ್ಮಲ್ಲಿದ್ದಾರೆ. ಒಂದು ಪಲ್ಸ್ ಆಕ್ಸಿಮೀಟರ್, ರಾತ್ರಿ ಹೊರಡಬಲ್ಲ ಒಂದು ವಾಹನ, ಅದರ ಚಾಲಕನ ಫೋನ್ ಸಂಖ್ಯೆ, ಇಷ್ಟನ್ನು ಪ್ರತಿ ಜಮಾಅತ್ ಸಿದ್ಧವಾಗಿಡಬಹುದು. ಅದು ಮೊಹಲ್ಲಾದ ಎಲ್ಲರಿಗೂ ಸಿಗಬೇಕು. ಒಂದು ಜೀವದ ರಕ್ಷಣೆಯನ್ನು ಸಕಲ ಮನುಕುಲದ ರಕ್ಷಣೆಗೆ ಸರಿದೂಗಿಸುವ ಧರ್ಮದ ಅನುಯಾಯಿಗಳು ನಾವು. ಸತ್ತವರಿಗೆ ಹೆಗಲು ಕೊಡುವ ಮೊದಲು, ಬದುಕಬಲ್ಲವರಿಗೆ ಕೈ ಕೊಡೋಣ.