ಹಿಂದಕ್ಕೆ ಹೋಗಬೇಕಾದ್ದು ಸಿಸ್ಟಮ್, ಬರೆದಿಟ್ಟ ಕೆಲಸವಲ್ಲ

ಲಿನಕ್ಸ್ ಕಂಪ್ಯೂಟರ್ ಅಪ್‌ಡೇಟ್ ಆದ ಮೇಲೆ ಏಳದೆ ಮೊಂಡು ಹಿಡಿದರೆ ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಮ್ ಬಳಸುವವರು ಹೆಚ್ಚು ಗಾಬರಿಯಾಗುವುದಿಲ್ಲ. ಅಪ್‌ಡೇಟಿಗೆ ಮುಂಚಿನ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಸ್ಥಿತಿಯ ದಾಖಲೆ, ಇದ್ದರೆ ಅದಕ್ಕೆ ಮರಳಿದರಾಯಿತು. ಆದರೆ ಸಿಸ್ಟಮ್ ಹಿಂದಕ್ಕೆ ಹೋಗುವಾಗ ನಿನ್ನೆ ಬರೆದ ಪತ್ರ, ಇವತ್ತು ಬೆಳಿಗ್ಗೆ ತಿದ್ದಿದ ಲೆಕ್ಕದ ಹಾಳೆ ಎಲ್ಲವೂ ಜೊತೆಗೇ ಹಿಂದಕ್ಕೆ ಹೋದರೆ? ಎರಡರ ನಡುವೆ ಗಡಿ ಇಲ್ಲದಿದ್ದರೆ ಆಗುವುದು ಅದೇ. ಆ ಗಡಿ ಎಳೆಯುವ ಹೊಣೆಯನ್ನು ಬಳಕೆದಾರರ ತಲೆಗೆ ಕಟ್ಟದೆ ಇನ್‌ಸ್ಟಾಲರ್‌ಗಳೇ ಹೊರಬೇಕು.

ಒರಾಕಲ್‌ನಲ್ಲಿದ್ದ ಕ್ರಿಸ್ ಮೇಸನ್ 2007ರಲ್ಲಿ ಪ್ರಕಟಿಸಿದ ಬಿಟಿಆರ್‌ಎಫ್‌ಎಸ್, 2009ರಲ್ಲಿ ಲಿನಕ್ಸ್ ಕರ್ನಲ್‌ಗೆ ಸೇರಿತು. ಇದರಲ್ಲಿ ಫೈಲ್ ತಿದ್ದಿದಾಗ ಹಳೆಯ ದತ್ತಾಂಶದ ಮೇಲೆಯೇ ಬರೆಯುವ ಕ್ರಮವಿಲ್ಲ. ಹೊಸದು ಖಾಲಿ ಜಾಗಕ್ಕೆ ಹೋಗುತ್ತದೆ, ಆಮೇಲೆ ಅದರ ವಿಳಾಸ ಬದಲಾಗುತ್ತದೆ. ಹೀಗಾಗಿ ಸ್ನ್ಯಾಪ್‌ಶಾಟ್ ತೆಗೆಯಲು ಕ್ಷಣ ಸಾಕು, ಆ ಹೊತ್ತಿಗೆ ಹೆಚ್ಚುವರಿ ಜಾಗವೂ ಬೇಕಾಗುವುದಿಲ್ಲ.

ಸ್ನ್ಯಾಪ್‌ಶಾಟ್ ಮಾತ್ರ ಇಡೀ ಡಿಸ್ಕಿನದ್ದಲ್ಲ, ಸಬ್‌ವಾಲ್ಯೂಮ್ ಎಂಬ ಒಳವಿಭಾಗದ್ದು. ಹಳೆಯ ಪಾರ್ಟಿಷನ್ ಪಾಲಾದ ಮನೆಯಿದ್ದಂತೆ: ಅಣ್ಣನ ಕೋಣೆ ತುಂಬಿ ತುಳುಕಿದರೂ ತಮ್ಮನ ಖಾಲಿ ಕೋಣೆಯಲ್ಲಿ ಸಾಮಾನು ಇಡುವಂತಿಲ್ಲ. ಸಬ್‌ವಾಲ್ಯೂಮಿನಲ್ಲಿ ಕೋಣೆ ಬೇರೆ, ಕಣಜ ಒಂದೇ. ಡಿಸ್ಕಿನ ಖಾಲಿ ಜಾಗ ಎಲ್ಲರದ್ದು, ಸ್ನ್ಯಾಪ್‌ಶಾಟ್ ಮಾತ್ರ ಅವರವರದ್ದು.

2020ರಲ್ಲಿ ಫೆಡೋರಾ 33 ಡೆಸ್ಕ್‌ಟಾಪ್ ಆವೃತ್ತಿಗಳಿಗೆ ಬಿಟಿಆರ್‌ಎಫ್‌ಎಸ್ಸನ್ನೇ ಪೂರ್ವನಿಯೋಜಿತವಾಗಿಸಿದಾಗ ಸಿಸ್ಟಮ್ ಇರುವ ರೂಟ್ ಮತ್ತು ಬಳಕೆದಾರರ ಫೈಲ್‌ಗಳಿರುವ ಹೋಮ್ ಎರಡನ್ನೂ ಬೇರೆ ಬೇರೆ ಸಬ್‌ವಾಲ್ಯೂಮ್ ಮಾಡಿತು. ಓಪನ್‌ಸೂಸೆ ಇನ್ನೂ ಮುಂದೆ ಹೋಗಿ ವಾರ್ ಫೋಲ್ಡರನ್ನೂ ಬೇರೆ ಇಡುತ್ತದೆ. ಸಿಸ್ಟಮ್ ಹಿಂದಕ್ಕೆ ಹೋದಾಗ ಲಾಗ್ ಮತ್ತು ಡೇಟಾಬೇಸ್ ಅಳಿಸಿಹೋಗಬಾರದಲ್ಲ! ಡೆಬಿಯನ್ ಇನ್‌ಸ್ಟಾಲರ್ ಮಾತ್ರ @ರೂಟ್‌ಎಫ್‌ಎಸ್ ಎಂಬ ಒಂದೇ ಸಬ್‌ವಾಲ್ಯೂಮ್ ಮಾಡಿ ಕೈತೊಳೆದುಕೊಳ್ಳುತ್ತದೆ. ಸ್ನ್ಯಾಪ್‌ಶಾಟ್ ನಿರ್ವಹಿಸುವ ಜನಪ್ರಿಯ ಟೈಮ್‌ಶಿಫ್ಟ್ ತಂತ್ರಾಂಶವೋ ಪೂರ್ವನಿಯೋಜಿತವಾಗಿ ಉಬುಂಟು ರೂಢಿಗೆ ತಂದ @ ಮತ್ತು @ಹೋಮ್ ಹೆಸರುಗಳನ್ನೇ ಹುಡುಕುತ್ತದೆ.

ಡೆಬಿಯನ್‌ನ ಈ ಕೊರತೆಯನ್ನು ಆಮೇಲೆ ಸರಿಪಡಿಸಬಹುದು, ಆದರೆ ಅದು ಹೊಸಬರ ಕೆಲಸವಲ್ಲ. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಐದನೇ ಸಂಖ್ಯೆಯ ಮೂಲ ಸಬ್‌ವಾಲ್ಯೂಮನ್ನು ಮೌಂಟ್ ಮಾಡಬೇಕು. ಅಲ್ಲಿ @ಹೋಮ್ ಸೃಷ್ಟಿಸಿ ಹಳೆಯ ಫೈಲ್‌ಗಳನ್ನು ಅದಕ್ಕೆ ದಾಟಿಸಬೇಕು. ಒಂದೇ ಡಿಸ್ಕಿನಲ್ಲಿದ್ದರೂ ಸಬ್‌ವಾಲ್ಯೂಮಿನ ಗಡಿ ದಾಟಿ ಹೆಸರು ಬದಲಿಸಲು ಕರ್ನಲ್ ಒಪ್ಪುವುದಿಲ್ಲ, ಕಾಪಿಯೇ ಗತಿ. ರಿಫ್‌ಲಿಂಕ್ ಆಯ್ಕೆ ಕೊಟ್ಟರೆ ಆ ಕಾಪಿ ಹಳೆಯ ದತ್ತಾಂಶವನ್ನೇ ಹಂಚಿಕೊಳ್ಳುವುದರಿಂದ ಜಾಗ ದುಪ್ಪಟ್ಟಾಗದು.

ಬಳಿಕ, ಯಾವುದನ್ನು ಎಲ್ಲಿ ಮೌಂಟ್ ಮಾಡಬೇಕೆಂದು ತಿಳಿಸುವ ಎಫ್‌ಎಸ್‌ಟ್ಯಾಬ್ ಫೈಲಿಗೆ ಇನ್ನೊಂದು ಸಾಲು. ರೂಟ್‌ಗೆ ಇರುವ ಯುಯುಐಡಿಯೇ (ಫೈಲ್ ಸಿಸ್ಟಮಿನ ಗುರುತು) ಇದಕ್ಕೂ; ಬದಲಾಗುವುದು ಮೌಂಟ್ ಆಗುವ ಜಾಗ ಮತ್ತು ‘ಸಬ್‌ವಾಲ್=@ಹೋಮ್’ ಎಂಬ ಆಯ್ಕೆ. ಟೈಮ್‌ಶಿಫ್ಟಿಗಾಗಿ @ರೂಟ್‌ಎಫ್‌ಎಸ್ ಹೆಸರನ್ನೂ ಬದಲಿಸುವವರು ಬೂಟ್ ಲೋಡರ್ ಆದ ಗ್ರಬ್‌ನ ಸಂರಚನೆಯಲ್ಲೂ ಅದನ್ನು ತಿದ್ದಬೇಕು. ಮರೆತರೆ ಯಂತ್ರ ಬೂಟ್ ಆಗುವುದೇ ಇಲ್ಲ.

ಹಾಗೆಂದು ಕಂಡಕಂಡ ಫೋಲ್ಡರಿಗೆಲ್ಲ ಸಬ್‌ವಾಲ್ಯೂಮ್ ಬೇಕಿಲ್ಲ. ಒಂದರೊಳಗೆ ಇನ್ನೊಂದನ್ನು ಹುದುಗಿಸಿಟ್ಟರೆ ಹೊರಗಿನದರ ಸ್ನ್ಯಾಪ್‌ಶಾಟಿನಲ್ಲಿ ಒಳಗಿನದು ಖಾಲಿ ಫೋಲ್ಡರಾಗಿ ಕಾಣುತ್ತದೆ. ಹೀಗಾಗಿ ಅಕ್ಕಪಕ್ಕ ಇಡುವುದೇ ಲೇಸು. ಪ್ರತ್ಯೇಕವಾಗಿ ಮೌಂಟ್ ಮಾಡಿದರೂ ಕಂಪ್ರೆಷನ್‌ನಂಥ ಮೌಂಟ್ ಆಯ್ಕೆ ಇಡೀ ಫೈಲ್ ಸಿಸ್ಟಮಿಗೆ ಅನ್ವಯಿಸುತ್ತದೆ. ಸ್ನ್ಯಾಪ್‌ಶಾಟ್ ಇದೆಯೆಂದು ಬ್ಯಾಕಪ್ ಕೈಬಿಡುವಂತೆಯೂ ಇಲ್ಲ. ಡಿಸ್ಕ್ ಹೋದರೆ ಮೂಲ ಫೈಲ್, ಸ್ನ್ಯಾಪ್‌ಶಾಟ್ ಎರಡೂ ಹೋದವು.

‘ಡೆಬಿಯನ್ ಬಳಸುವವರಿಗೆ ಇಷ್ಟು ಗೊತ್ತಿರುತ್ತದೆ’ ಎಂಬ ವಾದವುಂಟು. ಗೊತ್ತಿರುವವರು ಪೂರ್ವನಿಯೋಜಿತ ವಿನ್ಯಾಸ ಹೇಗಿದ್ದರೂ ತಮಗೆ ಬೇಕಾದಂತೆ ಬದಲಿಸಿಕೊಳ್ಳುತ್ತಾರೆ. ಅದು ಇರುವುದೇ ಗೊತ್ತಿಲ್ಲದವರಿಗಾಗಿ. ಡೆಬಿಯನ್ ಹೋಮ್‌ಗೆ ಎರಡನೇ ಸಬ್‌ವಾಲ್ಯೂಮ್ ಸೇರಿಸಲಿ. ಟೈಮ್‌ಶಿಫ್ಟ್ ಕೂಡ ಎರಡೇ ಹೆಸರುಗಳಿಗೆ ಜೋತುಬೀಳದೆ, ಎಫ್‌ಎಸ್‌ಟ್ಯಾಬ್‌ನಲ್ಲಿ ಬರೆದಿರುವ ಹೆಸರನ್ನೇ ಓದಿಕೊಳ್ಳಲಿ.