ಟರ್ಬೊ ಜೀಪಿಗೆ ಇನ್ನೊಂದು ತಿರುಪು ಬೇಕೇ?

ಹೆಬ್ಬೆರಳಿನ ಗಾತ್ರದ ಒಂದು ಲೋಹದ ಕವಾಟ, ಎರಡು ತುಂಡು ರಬ್ಬರ್ ಕೊಳವೆ, ನಾಲ್ಕು ಕ್ಲಿಪ್ಪು. ಮ್ಯಾನುಯಲ್ ಬೂಸ್ಟ್ ಕಂಟ್ರೋಲರ್ ಎಂಬ ದೊಡ್ಡ ಹೆಸರಿನ ಸಲಕರಣೆಯಲ್ಲಿ ಇರುವುದು ಇಷ್ಟೇ. ಟರ್ಬೊ ಇರುವ ಜೀಪಿಗೆ ಇದನ್ನು ಅಳವಡಿಸಿ ತಿರುಪನ್ನು ಒಂದೆರಡು ಸುತ್ತು ಬಿಗಿದರೆ ಎರಡನೆಯ ಗೇರಿನ ಏರನ್ನು ಮೂರನೆಯದರಲ್ಲೇ ಹತ್ತಬಹುದೆಂಬ ಮಾತು ನಮ್ಮ ತರುಣರ ನಡುವೆ ಓಡಾಡುತ್ತಿದೆ. ಇದಕ್ಕೆ ಪರಿಸರಾಸಕ್ತರಾದ ನಮ್ಮ ಉತ್ತರ ಸಾಮಾನ್ಯವಾಗಿ ಬೈಗುಳ. ಬೈಗುಳದಿಂದ ಯಾವ ತಿರುಪೂ ಸಡಿಲಗೊಂಡದ್ದಿಲ್ಲ. ಗೊಬ್ಬರ, ಅಡಿಕೆ, ಹೆರಿಗೆಗೆ ಹೊರಟ ಹೆಣ್ಣುಮಗಳು, ಎಲ್ಲವನ್ನೂ ಹೊರುವ ಜೀಪು ಗುಡ್ಡಗಾಡಿನವರ ಪಾಲಿಗೆ ಶೋಕಿಯಲ್ಲ. ಆದುದರಿಂದ ಯಂತ್ರದ ಒಳಗೆ ಏನು ನಡೆಯುತ್ತದೆ ಎಂಬಲ್ಲಿಂದಲೇ ವಾದವನ್ನು ಆರಂಭಿಸುವುದು ಒಳಿತು.

ಎಂಜಿನ್ ಹೊರಗೆ ಚೆಲ್ಲುವ ಬಿಸಿ ಹೊಗೆಯ ರಭಸದಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬುವುದು ಟರ್ಬೊ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದನು. ಈ ಚಕ್ರಗಳು ನಿಮಿಷಕ್ಕೆ ಲಕ್ಷ ಸುತ್ತುಗಳನ್ನು ಮೀರಿ ತಿರುಗಬಲ್ಲವು. ಅವುಗಳಿಗೆ ಲಗಾಮು ಬೇಕು. ಆ ಲಗಾಮೇ ವೇಸ್ಟ್‌ಗೇಟ್. ಗಾಳಿಯ ಒತ್ತಡ ನಿಗದಿತ ಮಟ್ಟವನ್ನು ಮುಟ್ಟಿದೊಡನೆ ಆಕ್ಚುವೇಟರ್ ಎಂಬ ಡಬ್ಬಿಯೊಳಗಿನ ಸ್ಪ್ರಿಂಗು ಮಣಿದು ಒಂದು ಬಾಗಿಲು ತೆರೆಯುತ್ತದೆ. ಒಂದಷ್ಟು ಹೊಗೆ ಚಕ್ರವನ್ನು ಮುಟ್ಟದೆ ಹೊರಗೆ ಹೋಗುತ್ತದೆ.

ಅಡಿಕೆ ಬೆಳೆಗಾರರಿಗೆ ಇದು ಹೊಸತಲ್ಲ. ಬೋರ್ಡೋ ಸಿಂಪಡಿಸುವ ಪವರ್ ಸ್ಪ್ರೇಯರಿನಲ್ಲಿ ಹೆಚ್ಚುವರಿ ದ್ರಾವಣವನ್ನು ಮರಳಿ ಡ್ರಮ್ಮಿಗೆ ಕಳುಹಿಸುವ ಕವಾಟವೊಂದಿದೆಯಷ್ಟೆ. ಅದನ್ನು ಬಿಗಿದರೆ ದ್ರಾವಣ ಇನ್ನೂ ಎತ್ತರಕ್ಕೆ ಚಿಮ್ಮುತ್ತದೆ; ಮಿತಿಮೀರಿ ಬಿಗಿದರೆ ಪೈಪು ಒಡೆಯುತ್ತದೆ. ಬೂಸ್ಟ್ ಕಂಟ್ರೋಲರ್ ಮಾಡುವುದೂ ಇದೇ ಬಗೆಯ ಕೆಲಸ, ಆದರೆ ಕೊಂಚ ಕಪಟದಿಂದ. ಟರ್ಬೊದಿಂದ ಆಕ್ಚುವೇಟರಿಗೆ ಹೋಗುವ ಸಣ್ಣ ಕೊಳವೆಯ ನಡುವೆ ಅದು ಕುಳಿತು ನಿಜವಾದ ಒತ್ತಡದ ಸುದ್ದಿಯನ್ನು ತಡೆಹಿಡಿಯುತ್ತದೆ. ಬಾಗಿಲು ತಡವಾಗಿ ತೆರೆಯುತ್ತದೆ, ಒತ್ತಡ ಏರುತ್ತದೆ. ಈ ಸಾಧನ ಕಂಪನಿ ಇಟ್ಟ ಮಟ್ಟಕ್ಕಿಂತ ಒತ್ತಡವನ್ನು ಏರಿಸಬಲ್ಲುದೇ ಹೊರತು ಎಂದಿಗೂ ಇಳಿಸಲಾರದು.

ಎತ್ತರದಲ್ಲಿ ಗಾಳಿ ತೆಳುವು, ಆದ್ದರಿಂದ ಬೂಸ್ಟ್ ಏರಿಸಲೇಬೇಕು ಎಂಬ ವಾದವಿದೆ. ಇದರಲ್ಲಿ ಅರ್ಧ ಸತ್ಯವಿದೆ. ಸಾವಿರ ಮೀಟರ್ ಎತ್ತರದಲ್ಲಿ ವಾಯುಒತ್ತಡ ಕಡಲತೀರಕ್ಕಿಂತ ಶೇ. 11ರಷ್ಟು ಕಡಿಮೆ; ಸುಮಾರು 1930 ಮೀಟರಿನ ಮುಳ್ಳಯ್ಯನಗಿರಿಯ ತುದಿಯಲ್ಲಿ ಐದನೆಯ ಒಂದು ಭಾಗದಷ್ಟೇ ಕಡಿಮೆ. ಟರ್ಬೊ 0.7 ಬಾರ್ ಬೂಸ್ಟ್ ಕೊಡುತ್ತದೆಂದು ಇಟ್ಟುಕೊಳ್ಳೋಣ. ತೀರದಲ್ಲಿ ಎಂಜಿನಿಗೆ ದೊರೆಯುವ ಒಟ್ಟು ಒತ್ತಡ 1.71 ಬಾರ್, ಸಾವಿರ ಮೀಟರಿನಲ್ಲಿ 1.6. ನಷ್ಟ ಶೇ. 6ರಷ್ಟು ಮಾತ್ರ. ಟರ್ಬೊ ಇಲ್ಲದ ಎಂಜಿನಿಗೆ ಆಗುವ ನಷ್ಟದ ಸುಮಾರು ಅರ್ಧ. ಆದರೆ ಈ 1.6ನ್ನು ಮುಟ್ಟಲಿಕ್ಕೇ ಟರ್ಬೊ ತೆಳುಗಾಳಿಯನ್ನು 1.78 ಪಟ್ಟು ಒತ್ತುತ್ತಿದೆ; ತೀರದಲ್ಲಿ 1.69 ಪಟ್ಟು ಸಾಕಿತ್ತು. ಉಳಿದ ನಷ್ಟವನ್ನೂ ತುಂಬಿಸಹೊರಟರೆ 1.9 ಪಟ್ಟು ಒತ್ತಬೇಕು. ಅಂದರೆ ಚಕ್ರ ಇನ್ನಷ್ಟು ವೇಗವಾಗಿ ತಿರುಗಬೇಕು, ಇಂಟರ್‌ಕೂಲರಿಗೆ ತಲುಪುವ ಮುನ್ನ ಗಾಳಿ ನೂರು ಡಿಗ್ರಿ ಸೆಲ್ಸಿಯಸ್ಸನ್ನೂ ದಾಟಬಹುದು. ಬೆಟ್ಟದಲ್ಲಿ ಟರ್ಬೊ ಬಳಲುತ್ತಿರುವಾಗಲೇ ಅದಕ್ಕೆ ಚಾಟಿ ಬೀಸುವ ಕೆಲಸವಿದು.

ಇಷ್ಟಾದ ಮೇಲೂ ಬಯಸಿದ ಶಕ್ತಿ ಸಿಕ್ಕೀತೆಂಬ ಭರವಸೆಯಿಲ್ಲ. ಗಿಡಕ್ಕೆ ಯಾವ ಪೋಷಕಾಂಶ ಅತಿ ಕಡಿಮೆಯೋ ಇಳುವರಿಯನ್ನು ಅದೇ ನಿರ್ಧರಿಸುತ್ತದೆ ಎಂಬ ಲೀಬಿಗ್‌ನ ನಿಯಮವನ್ನು ಕೃಷಿ ವಿದ್ಯಾರ್ಥಿಗಳು ಬಲ್ಲರು. ಪೊಟ್ಯಾಷ್ ಕೊರತೆಯ ತೋಟಕ್ಕೆ ಯೂರಿಯಾ ಸುರಿದರೆ ಫಲವೇನು? ಹಳೆಯ ಡೀಸೆಲ್ ಎಂಜಿನಿನ ಪಂಪು ಇಂಧನಕ್ಕೆ ಒಂದು ಮಿತಿಯನ್ನಿಟ್ಟಿರುತ್ತದೆ. ಆ ಮಿತಿ ಮುಟ್ಟಿದ ಬಳಿಕ ಗಾಳಿ ಎಷ್ಟು ತುಂಬಿದರೂ ಶಕ್ತಿ ಹೆಚ್ಚೇನೂ ಏರದು. ನಿರಾಶನಾದ ಮಾಲೀಕ ಮುಂದೆ ಕೈಯಿಡುವುದು ಪಂಪಿನ ತಿರುಪಿಗೆ. ಆಗ ಗಾಳಿಗೆ ಮೀರಿದ ಡೀಸೆಲ್ ಪೂರ್ಣ ಉರಿಯದೆ ಕರಿಹೊಗೆಯಾಗುತ್ತದೆ. ಪೆಟ್ರೋಲ್ ಟರ್ಬೊ ಕಾರುಗಳಲ್ಲಿ ಅಪಾಯ ಬೇರೆ ತರಹದ್ದು. ಅತಿ ಒತ್ತಡದಲ್ಲಿ ಇಂಧನ ಅಕಾಲದಲ್ಲಿ ಸಿಡಿದು ಪಿಸ್ಟನ್ನನ್ನೇ ಬಲಿ ತೆಗೆದುಕೊಳ್ಳುತ್ತದೆ. ಕಂಪ್ಯೂಟರ್ ನಿಯಂತ್ರಣದ ಹೊಸ ವಾಹನಗಳಂತೂ ಹೆಚ್ಚುವರಿ ಒತ್ತಡವನ್ನು ಕಂಡೊಡನೆ ಶಕ್ತಿಯನ್ನು ತಾವೇ ಕಡಿತಗೊಳಿಸಬಹುದು. ಅಲಗುಗಳ ಕೋನ ಬದಲಿಸುವ ಟರ್ಬೊಗಳಲ್ಲಿ ಸಾಮಾನ್ಯವಾಗಿ ವೇಸ್ಟ್‌ಗೇಟೇ ಇರುವುದಿಲ್ಲ. ಅಲ್ಲಿ ಈ ಕವಾಟಕ್ಕೆ ಕೆಲಸವೂ ಇಲ್ಲ.

ಹಾಗಾದರೆ ಏರಿನಲ್ಲಿ ಏದುಸಿರು ಬಿಡುವ ಹಳೆಯ ಜೀಪಿಗೆ ಏನು ಮಾಡಬೇಕು? ಮೊದಲು ಒಂದು ಬೂಸ್ಟ್ ಮೀಟರ್ ಹಾಕಿಸಿ ಕಂಪನಿ ಹೇಳಿದ ಒತ್ತಡ ಬರುತ್ತಿದೆಯೇ ಎಂದು ನೋಡಬೇಕು. ಮಣ್ಣುರಸ್ತೆಯ ಧೂಳಿನಿಂದ ಕಟ್ಟಿದ ಏರ್ ಫಿಲ್ಟರ್, ಬಿರಿದ ಹೋಸ್, ಸಡಿಲವಾದ ಕ್ಲಿಪ್ಪು, ಸೋರುವ ಇಂಟರ್‌ಕೂಲರ್, ಇವೇ ಶಕ್ತಿಯನ್ನು ತಿನ್ನುತ್ತಿರಬಹುದು. ಸೋರುವ ಕೊಳಾಯಿಯನ್ನು ಬಿಟ್ಟು ಮೋಟಾರಿನ ಅಶ್ವಶಕ್ತಿ ಏರಿಸುವ ಜಾಣತನ ನಮಗೆ ಬೇಡ. ಸೋರಿಕೆ ನಿಂತರೆ ಹೊಗೆಯೂ ತಗ್ಗುತ್ತದೆ, ಡೀಸೆಲ್ಲೂ ಉಳಿಯುತ್ತದೆ.

ಖಾಸಗಿ ಜಾಗದಲ್ಲಿ, ಸ್ಪರ್ಧೆಯ ವಾಹನಕ್ಕೆ ಇದನ್ನು ಹಾಕಿಯೇ ತೀರುವವರಿಗೂ ಒಂದು ಮಾತು. ಗಾಳಿಯನ್ನು ಸೋರಿಸಿ ಕೆಲಸ ಮಾಡುವ ಬಗೆಗಿಂತ ಗೋಲಿ ಮತ್ತು ಸ್ಪ್ರಿಂಗಿನ ಬಗೆಯೇ ಮೇಲು. ನಿಗದಿತ ಒತ್ತಡದವರೆಗೆ ಅದು ಪೂರ್ತಿ ಮುಚ್ಚಿದ್ದು ಆಮೇಲೆ ತೆರೆಯುತ್ತದೆ. ತಿರುಪಿಗೆ ಲಾಕ್ ನಟ್ ಇರಬೇಕು. ಬಾಣದ ಗುರುತಿನ ದಿಕ್ಕು ತಪ್ಪಬಾರದು, ಕೊಳವೆ ಬಿಸಿ ಮ್ಯಾನಿಫೋಲ್ಡಿಗೆ ತಾಗಬಾರದು. ಅತಿ ಕಡಿಮೆ ಮಟ್ಟದಿಂದ ಆರಂಭಿಸಿ, ಅರ್ಧ ಸುತ್ತಿಗೊಮ್ಮೆ ಮೀಟರ್ ನೋಡುತ್ತ ಹೋಗಬೇಕು. ಕವಾಟಕ್ಕೂ ಆಕ್ಚುವೇಟರಿಗೂ ನಡುವಿನ ಕೊಳವೆ ಕಳಚಿತೆಂದರೆ ವೇಸ್ಟ್‌ಗೇಟ್ ತೆರೆಯುವುದೇ ಇಲ್ಲ. ಒತ್ತಡಕ್ಕೆ ಮೇಲ್ಮಿತಿಯೇ ಇಲ್ಲದಂತಾಗುತ್ತದೆ. ಇಡೀ ಟರ್ಬೊದ ಆಯುಷ್ಯ ಆಗ ಒಂದು ಕ್ಲಿಪ್ಪಿನ ಮೇಲೆ ನಿಂತಿರುತ್ತದೆ.

ಜನರನ್ನು ಹೊರುವ ಜೀಪಿಗೆ ಮಾತ್ರ ಇದು ಸರ್ವಥಾ ಕೂಡದು. ಏರಲು ಶಕ್ತಿ ಹೆಚ್ಚಿದರೂ ಇಳಿಯುವಾಗ ಬ್ರೇಕು ಹಳೆಯದೇ. ಅದಕ್ಕಿಂತ ಭೀಕರವಾದುದು ಇನ್ನೊಂದಿದೆ. ಟರ್ಬೊದ ಅಚ್ಚು ಎಣ್ಣೆಯ ಪದರದ ಮೇಲೆ ತೇಲುತ್ತ ತಿರುಗುತ್ತದೆ. ಅತಿವೇಗಕ್ಕೆ ಅದರ ಸೀಲು ಸೋತರೆ ಎಂಜಿನ್ ಎಣ್ಣೆ ಗಾಳಿಯ ಹಾದಿಗೆ ಸೇರುತ್ತದೆ. ಡೀಸೆಲ್ ಎಂಜಿನ್ ಅದನ್ನೇ ಉರಿಸಿಕೊಂಡು ಓಡತೊಡಗುತ್ತದೆ. ಕೀಲಿ ತೆಗೆದರೂ ನಿಲ್ಲದು. ಹೇರ್‌ಪಿನ್ ತಿರುವಿನಲ್ಲಿ ಹೀಗಾದರೆ ಹಿಂಬದಿಯಲ್ಲಿ ಕುಳಿತ ಹತ್ತು ಮಂದಿಯ ಗತಿಯೇನು? ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಯಾರಕರ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸಿದೆ. 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಬಹುದು. ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದೂ ಇಂಥ ನೆಪವನ್ನೇ.

ಹೊಗೆ ತಪಾಸಣೆಯ ಚೀಟಿ ಇದೆಯಲ್ಲ ಎನ್ನುವವರುಂಟು. ಆ ತಪಾಸಣೆ ನಡೆಯುವುದು ನಿಂತ ವಾಹನದಲ್ಲಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ತುಳಿದು. ಹನ್ನೆರಡು ಮೂಟೆ ಹೊತ್ತು ಏರು ಹತ್ತುವಾಗಿನ ಹೊಗೆಯನ್ನು ಅಲ್ಲಿ ಯಾರೂ ಅಳೆಯುವುದಿಲ್ಲ. ಡೀಸೆಲ್ ಹೊಗೆ ಮನುಷ್ಯರಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲಿ ಸಾರಿತು. ಬಸ್ಸಿಗೆ ಕಾಯುತ್ತ ತಿರುವಿನಲ್ಲಿ ನಿಂತ ಶಾಲೆಯ ಮಕ್ಕಳು ಉಸಿರಾಡುವುದು ಇದನ್ನೇ. ಮರದ ತೊಗಟೆಯ ಮೇಲಿನ ಕಲ್ಲುಹೂವುಗಳ ಅನೇಕ ಜಾತಿಗಳು ಕೊಳೆತ ಗಾಳಿಯಲ್ಲಿ ಬದುಕಲಾರವು. ರಸ್ತೆಯಂಚಿನ ಮರಗಳನ್ನೂ ಕಾಡಿನೊಳಗಿನ ಮರಗಳನ್ನೂ ಹೋಲಿಸಿ ನೋಡುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಈ ಬೇಸಿಗೆಯಲ್ಲಿ ಕೈಗೆತ್ತಿಕೊಳ್ಳಬಹುದು.

ಮುಂದಿನ ಸಭೆಗೆ ಊರಿನ ಮೆಕ್ಯಾನಿಕ್‌ಗಳನ್ನೂ ಜೀಪಿನ ಮಾಲೀಕರನ್ನೂ ಕರೆಯಬೇಕೆಂಬುದು ನನ್ನ ಸಲಹೆ. ಬಳಗದ ಖರ್ಚಿನಲ್ಲಿ ಒಂದು ಬೂಸ್ಟ್ ಮೀಟರ್ ಕೊಳ್ಳೋಣ. ಬಂದ ಪ್ರತಿ ಜೀಪಿಗೂ ಅದನ್ನು ಜೋಡಿಸಿ, ಏರಿನಲ್ಲಿ ಒಂದು ಸುತ್ತು ಓಡಿಸಿ, ಸಿಕ್ಕ ಒತ್ತಡವನ್ನು ಮಾಲೀಕರ ಎದುರೇ ಬರೆದಿಡೋಣ.